ಮೊದಲ ಕ್ಯಾಲ್ಕುಲಸ್‌ನಲ್ಲಿ ಸಿ ಗ್ರೇಡ್: ಎರಡನೆಯದಕ್ಕೆ ಮೊದಲು ಸಿಕ್ಕಿರುವ ಆರು ವಾರ

ಪ್ರಶ್ನೆ: ನಾನು ಬಿ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿನಿ, ಗಣಿತ ಮೈನರ್. ಊರು ಕಾಸರಗೋಡಿನ ಪೆರ್ಲದ ಹತ್ತಿರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎ ಪ್ಲಸ್ ಇತ್ತು, ಪ್ಲಸ್ ಟುವಿನಲ್ಲೂ ಪರವಾಗಿರಲಿಲ್ಲ. ಕಾಲೇಜಿನ ಮೊದಲ ಕ್ಯಾಲ್ಕುಲಸ್ ಪೇಪರಿನಲ್ಲಿ ಸಿ ಬಂದಿದೆ. ಇಂಟರ್ನಲ್ ಮಾರ್ಕು ಚೆನ್ನಾಗಿಯೇ ಇತ್ತು, ಕೊನೆಯ ಪರೀಕ್ಷೆಯಲ್ಲಿ ಕೆಟ್ಟುಹೋಯಿತು. ಹಾಲ್‌ನಲ್ಲಿ ಕೂತಾಗ ಗೊತ್ತಿದ್ದದ್ದೂ ಹೊಳೆಯಲಿಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಇಂಟಿಗ್ರೇಶನ್ ವಿಧಾನಗಳು, ಅನಂತ ಸೀರೀಸ್, ಪಾರ್ಶಿಯಲ್ ಡೆರಿವೇಟಿವ್ ಇರುವ ಎರಡನೆಯ ಕ್ಯಾಲ್ಕುಲಸ್. ಅದು ಇನ್ನೂ ಕಷ್ಟ ಎಂದು ಸೀನಿಯರ್‌ಗಳು ಹೆದರಿಸುತ್ತಾರೆ. ಕನ್ನಡ ಮಾಧ್ಯಮದವರಿಗೆ ಇದೆಲ್ಲ ಆಗುವುದಿಲ್ಲ, ಬಿ.ಕಾಂ.ಗೆ ಹೋಗು ಎನ್ನುತ್ತಾರೆ ಸೋದರಮಾವ. ತರಗತಿ ಶುರುವಾಗಲು ಆರು ವಾರ ಇದೆ. ಯೂಟ್ಯೂಬಿನ ಒಂದು ಸರಣಿಯಲ್ಲಿ ಅರುವತ್ತು ವೀಡಿಯೊ ಇವೆ, ಅವನ್ನು ನೋಡಿ ಮುಗಿಸಿದರೆ ಸಾಕೇ? ಮುಂದಿನ ಸೆಮಿಸ್ಟರ್‌ನ ದಪ್ಪ ಪುಸ್ತಕ ಈಗಲೇ ಕೊಂಡು ಓದಲೇ? ಟ್ಯೂಷನ್‌ಗೆ ಸೇರಲೇ? ಮೈನರ್ ಬದಲಿಸಲೇ?

ಉತ್ತರ: ನೀವು ಕೇಳಿದ ಪ್ರಶ್ನೆಗಳು ನಾಲ್ಕಾರು, ಒಳಗಿರುವ ಅಳುಕು ಒಂದೇ: ಮೊದಲನೆಯದೇ ಹೀಗಾದರೆ ಎರಡನೆಯದು ನನ್ನಿಂದ ಆದೀತೇ? ಸಿ ಎಂಬ ಒಂದು ಅಕ್ಷರವನ್ನು ನೋಡಿ ಯಾರೂ ಇದಕ್ಕೆ ಉತ್ತರ ಹೇಳಲಾರರು. ಸೀನಿಯರ್‌ಗಳೂ ಹೇಳಲಾರರು, ಮಾವನೂ ಹೇಳಲಾರರು. ಸಿ ಬಂದವರಲ್ಲಿ ಲಿಮಿಟ್ ಎಂದರೆ ಏನೆಂದೇ ಹಿಡಿತಕ್ಕೆ ಸಿಗದವರಿದ್ದಾರೆ. ವಿಷಯವೆಲ್ಲ ಗೊತ್ತಿದ್ದೂ ಎರಡನೆಯ ಸಾಲಿನಲ್ಲಿ ಮೈನಸ್ ಕಳೆದುಕೊಂಡು ಕೊನೆಯವರೆಗೆ ತಪ್ಪು ಲೆಕ್ಕವನ್ನೇ ಎಳೆದುಕೊಂಡು ಹೋಗುವವರಿದ್ದಾರೆ. ನೋಟ್ಸ್ ಮುಂದಿದ್ದರೆ ಯಾವ ಲೆಕ್ಕವನ್ನಾದರೂ ಮಾಡಿ, ಮುಚ್ಚಿದ ಕೂಡಲೇ ಮೊದಲ ಸಾಲೇ ಹುಟ್ಟದವರಿದ್ದಾರೆ. ಎಲ್ಲ ಗೊತ್ತಿದ್ದು ಹೊತ್ತು ಸಾಲದೆ ಎರಡು ದೊಡ್ಡ ಪ್ರಶ್ನೆ ಬಿಟ್ಟು ಬಂದವರೂ ಇದ್ದಾರೆ. ನಾಲ್ವರ ಗ್ರೇಡ್ ಒಂದೇ ಆದರೂ ಮದ್ದು ಒಂದೇ ಅಲ್ಲ. ಹಾಗಾಗಿ ಆರು ವಾರದಲ್ಲಿ ಮೊದಲ ನಾಲ್ಕು ದಿನ ನೀವು ಯಾವ ಬಗೆಯವರು ಎಂದು ಕಂಡುಕೊಳ್ಳುವುದಕ್ಕೇ ಹೋಗಬೇಕು. ಪುಸ್ತಕ, ವೀಡಿಯೊ, ಟ್ಯೂಷನ್, ಮೈನರ್ ಎಲ್ಲ ಅದರ ನಂತರ.

ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ. ಇಂಟರ್ನಲ್ ಚೆನ್ನಾಗಿ ಆಗಿ ಎಕ್ಸ್‌ಟರ್ನಲ್ ಕೆಟ್ಟಿತು ಎಂದರೆ ಹೆಚ್ಚಾಗಿ ಅದು ಮೂರನೆಯ ಬಗೆ. ಅಸೈನ್‌ಮೆಂಟನ್ನು ನೋಟ್ಸ್ ಬಿಡಿಸಿಟ್ಟು ಬರೆಯುತ್ತೇವೆ. ಕ್ಲಾಸ್ ಟೆಸ್ಟಿಗೆ ಒಂದೇ ಅಧ್ಯಾಯ, ಅದೂ ಮೊನ್ನೆಯಷ್ಟೇ ಮಾಡಿದ್ದು. ಕೊನೆಯ ಪರೀಕ್ಷೆಯಲ್ಲಿ ನಾಲ್ಕು ತಿಂಗಳ ಹಿಂದಿನದ್ದು, ಯಾವ ಅಧ್ಯಾಯದ್ದು ಎಂದು ತಲೆಬರಹ ಇಲ್ಲದೆ ಎದುರಿಗೆ ಬರುತ್ತದೆ. "ಗೊತ್ತಿದ್ದದ್ದೂ ಹೊಳೆಯಲಿಲ್ಲ" ಎಂಬುದನ್ನು ಜನ ಹೆದರಿಕೆ ಎಂದುಕೊಳ್ಳುತ್ತಾರೆ. ಹೆದರಿಕೆಯ ಪಾಲು ಇಲ್ಲದಿಲ್ಲ. ಆದರೆ ನೋಡಿದಾಗ ಗುರುತು ಹಿಡಿಯುವುದು ಬೇರೆ, ಏನೂ ನೋಡದೆ ನೆನಪಿನಿಂದ ಹೊರತೆಗೆಯುವುದು ಬೇರೆ. ನೀವು ಪರೀಕ್ಷೆಗೆ ಮೊದಲು ಮಾಡಿದ ಅಭ್ಯಾಸ ಹೆಚ್ಚಿನಂಶ ಮೊದಲನೆಯದು, ಪರೀಕ್ಷೆ ಕೇಳಿದ್ದು ಎರಡನೆಯದು. ಮಾಡಿಟ್ಟ ಲೆಕ್ಕವನ್ನು ಮತ್ತೆ ಮತ್ತೆ ಓದಿದರೆ "ಹೌದು, ಇದು ಬರುತ್ತದೆ" ಎನ್ನುವ ಧೈರ್ಯ ಬರುತ್ತದೆ, ಲೆಕ್ಕ ಬರುವುದಿಲ್ಲ.

ಕನ್ನಡ ಮಾಧ್ಯಮದ ವಿಷಯ

ಮಾವನ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನಷ್ಟೇ ತೆಗೆದುಕೊಳ್ಳೋಣ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತವರಿಗೆ ಹತ್ತರಿಂದ ಪ್ಲಸ್ ವನ್‌ಗೆ ಹೋಗುವಾಗ ಎರಡು ಬದಲಾವಣೆ ಒಟ್ಟಿಗೆ ಎದುರಾಗುತ್ತವೆ. ಪುಸ್ತಕ ಇಂಗ್ಲಿಷಿಗೆ ತಿರುಗುತ್ತದೆ, ಟೀಚರ್ ವಿವರಣೆ ಎಷ್ಟೋ ಕಡೆ ಮಲಯಾಳಕ್ಕೆ ತಿರುಗುತ್ತದೆ. ಅದೇ ವರ್ಷ ಗಣಿತವೂ ಒಮ್ಮೆಲೇ ಏರುತ್ತದೆ: ತ್ರಿಕೋನಮಿತಿಯ ಫಂಕ್ಷನ್‌ಗಳು, ಅಸಮತೆಗಳು, ಲಿಮಿಟ್. ಆ ವರ್ಷ ಪಾಠದ ಅರ್ಧ ಗಮನ ಭಾಷೆಗೆ ಹೋಗಿದ್ದರೆ ಕೆಲವು ಅಧ್ಯಾಯಗಳು ಬಾಯಿಪಾಠದಲ್ಲೇ ದಾಟಿರುತ್ತವೆ. ಕಾಲೇಜಿನ ಕ್ಯಾಲ್ಕುಲಸ್‌ನಲ್ಲಿ ಕೈಕೊಡುವುದು ಅವೇ. ತೊಂದರೆ ಇರುವುದು ಪ್ಲಸ್ ವನ್‌ನ ಇಂಥ ಅಧ್ಯಾಯಗಳಲ್ಲಿ. ಅವನ್ನು ಹೆಸರು ಹಿಡಿದು ಪಟ್ಟಿ ಮಾಡಬಹುದು, ಆರು ವಾರದಲ್ಲಿ ರಿಪೇರಿಯೂ ಮಾಡಬಹುದು.

ಯೋಚನೆ ಕನ್ನಡದಲ್ಲೇ ನಡೆಯಲಿ, ತುಳುವಿನಲ್ಲಿ ನಡೆದರೂ ಆದೀತು, ಅದರಿಂದ ಗಣಿತಕ್ಕೆ ಏನೂ ಕುಂದಿಲ್ಲ. ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ ಆಗಬೇಕಾದ್ದರಿಂದ ದಿನಕ್ಕೆ ಹದಿನೈದು ನಿಮಿಷ ಹೀಗೆ ಮಾಡಿ: ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಒಂದು ಉದಾಹರಣೆಯನ್ನು ಓದಿ, ಪ್ರತಿ ಸಾಲು ಯಾಕೆ ಬಂತೆಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ಪುಸ್ತಕ ಮುಚ್ಚಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಸಾಲು ಸಾಲಿನ ನಡುವಿನ ಜೋಡಣೆಯ ವಾಕ್ಯಗಳು ಗಣಿತದಲ್ಲಿ ಬಹಳ ಇಲ್ಲ, ಮೂವತ್ತು ನಲುವತ್ತು ವಾಕ್ಯರೂಪಗಳಲ್ಲಿ ಹೆಚ್ಚಿನ ಕೆಲಸ ನಡೆದುಹೋಗುತ್ತದೆ. ಉತ್ತರವನ್ನು ಮೊದಲೇ ಕೊಟ್ಟು ಅದನ್ನು ತೋರಿಸಿ ಎಂದು ಕೇಳಿದಾಗ ಅಂಕ ಇರುವುದು ನಡುವಿನ ಸಾಲುಗಳಿಗೆ ಎಂಬುದನ್ನು ಮಾತ್ರ ಮರೆಯಬೇಡಿ. ಬೆಲೆ ಕಂಡುಹಿಡಿಯಿರಿ ಎಂಬ ಪ್ರಶ್ನೆಯಂತೆ ಅಲ್ಲಿ ಹಾರಿ ಹೋದರೆ ಉತ್ತರ ಸರಿ ಇದ್ದೂ ಅಂಕ ಹೋಗುತ್ತದೆ.

ಗಣಿತಕ್ಕೆ ಬೇರೆಯೇ ತಲೆ ಬೇಕು ಎನ್ನುವ ಮಾತಿಗೆ ಇಲ್ಲಿ ಜಾಗ ಕೊಡುವುದಿಲ್ಲ. ಪದವಿ ಮಟ್ಟದ ಎರಡನೆಯ ಕ್ಯಾಲ್ಕುಲಸ್‌ಗೆ ಅಂಥದ್ದೇನೂ ಬೇಡ.

ಮೊದಲ ನಾಲ್ಕು ದಿನ

ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕುವ ದಿನ ಮುಗಿದಿಲ್ಲವಾದರೆ ಇವತ್ತೇ ಕಾಲೇಜು ಆಫೀಸಿನಲ್ಲಿ ವಿಚಾರಿಸಿ. ಫಲಿತಾಂಶ ಬಂದ ಮೇಲೆ ಕೊಡುವ ಅವಧಿ ಚಿಕ್ಕದು. ಮರುಮೌಲ್ಯಮಾಪನಕ್ಕೆ ಹಾಕುವುದೋ ಬೇಡವೋ ಎಂಬುದನ್ನು ನಕಲು ನೋಡಿದ ಮೇಲೆ ತೀರ್ಮಾನಿಸಿ, ಅಂದಾಜಿನಲ್ಲಿ ದುಡ್ಡು ಕಟ್ಟಬೇಡಿ. ನಕಲು ಸಿಗದಿದ್ದರೂ ಚಿಂತೆಯಿಲ್ಲ. ಅದೇ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟು, ಫೋನ್ ಬೇರೆ ಕೋಣೆಯಲ್ಲಿಟ್ಟು, ಪರೀಕ್ಷೆಗೆ ಕೊಟ್ಟಷ್ಟೇ ಹೊತ್ತಿನಲ್ಲಿ ಮತ್ತೊಮ್ಮೆ ಬರೆಯಿರಿ. ಸಮಯ ಮುಗಿದಾಗ ಗೆರೆ ಎಳೆದು, ಬೇರೆ ಬಣ್ಣದ ಪೆನ್ನಿನಲ್ಲಿ ನೋಟ್ಸ್ ನೋಡಿ ಮುಂದುವರಿಸಿ.

ಆಮೇಲೆ ಕಳೆದುಹೋದ ಒಂದೊಂದು ಅಂಕದ ಎದುರೂ ಕಾರಣ ಬರೆಯಿರಿ, ನಾಲ್ಕು ಕಾಲಂ ಹಾಕಿ: ವಿಷಯವೇ ಗೊತ್ತಿಲ್ಲ; ವಿಷಯ ಗೊತ್ತಿದೆ, ಆದರೆ ಆಲ್ಜಿಬ್ರಾ ಅಥವಾ ತ್ರಿಕೋನಮಿತಿ ತಪ್ಪಿತು; ನೋಟ್ಸ್ ಇದ್ದರೆ ಬರುತ್ತದೆ, ಇಲ್ಲದೆ ಶುರು ಮಾಡಲಾಗಲಿಲ್ಲ; ಹೊತ್ತು ಸಾಲಲಿಲ್ಲ. "ಸಿಲ್ಲಿ ಮಿಸ್ಟೇಕ್" ಎಂಬ ಐದನೆಯ ಕಾಲಂ ಬೇಡ. ಒಂದೇ ಬಗೆಯ ಸಿಲ್ಲಿ ಮಿಸ್ಟೇಕ್ ಮೂರು ಸಲ ಬಂದರೆ ಅದು ಆಲ್ಜಿಬ್ರಾದ ಕಾಲಂಗೆ ಸೇರಿದ್ದು.

ಇದರ ಜೊತೆಗೆ ಇಪ್ಪತ್ತು ನಿಮಿಷದ ಒಂದು ಚಿಕ್ಕ ಪರೀಕ್ಷೆ, ಕ್ಯಾಲ್ಕುಲೇಟರ್ ಇಲ್ಲದೆ. ಎಂಟು ಪ್ರಶ್ನೆ. ಎಕ್ಸ್² + 6ಎಕ್ಸ್ + 13 ಇದರಲ್ಲಿ ವರ್ಗ ಪೂರ್ಣಗೊಳಿಸಿ. (3ಎಕ್ಸ್ + 5)/((ಎಕ್ಸ್ + 1)(ಎಕ್ಸ್ + 2)) ಇದನ್ನು ಪಾರ್ಶಿಯಲ್ ಫ್ರಾಕ್ಷನ್ ಆಗಿ ಒಡೆಯಿರಿ. |ಎಕ್ಸ್ − 3| < 2 ಆಗುವ ಎಕ್ಸ್ ಯಾವುವು? ಸೈನ್² ಎಕ್ಸ್ ಅನ್ನು ಕಾಸ್ 2ಎಕ್ಸ್ ಬಳಸಿ ಬರೆಯಿರಿ. ಸೈನ್(ಎಕ್ಸ್²) ಇದರ ಡೆರಿವೇಟಿವ್ ಏನು? (ಎನ್ + 1)!/ಎನ್! ಎಷ್ಟು? ಇ ಯ ಘಾತ 2 ಲಾಗ್ ಎಕ್ಸ್ ಎಂದಿದ್ದರೆ (ಲಾಗ್‌ನ ಬೇಸ್ ಇ, ಎಕ್ಸ್ ಧನಸಂಖ್ಯೆ) ಸರಳರೂಪವೇನು? ವೈ = ಎಕ್ಸ್² ಮತ್ತು ವೈ = 2ಎಕ್ಸ್ ಎರಡರ ನಡುವಿನ ವಿಸ್ತೀರ್ಣ, ಚಿತ್ರ ಸಹಿತ.

ಉತ್ತರಗಳು ಕ್ರಮವಾಗಿ: (ಎಕ್ಸ್ + 3)² + 4, 2/(ಎಕ್ಸ್ + 1) + 1/(ಎಕ್ಸ್ + 2), 1 ಮತ್ತು 5ರ ನಡುವಿನವು, (1 − ಕಾಸ್ 2ಎಕ್ಸ್)/2, 2ಎಕ್ಸ್ ಕಾಸ್(ಎಕ್ಸ್²), ಎನ್ + 1, ಎಕ್ಸ್², 4/3. ಏಳೆಂಟು ಸರಿಯಾದರೆ ನಿಮ್ಮ ತಳಪಾಯ ಗಟ್ಟಿ ಇದೆ, ಹೆಚ್ಚಿನ ಹೊತ್ತನ್ನು ಮುಚ್ಚಿದ ಪುಸ್ತಕದ ಅಭ್ಯಾಸಕ್ಕೆ ಕೊಡಿ. ಐದಕ್ಕಿಂತ ಕಡಿಮೆಯಾದರೆ ಮೂರು ವಾರ ಪ್ಲಸ್ ವನ್, ಪ್ಲಸ್ ಟು ಪುಸ್ತಕಗಳಿಗೇ ಹೋಗಲಿ. ಕಾಲೇಜಿಗೆ ಬಂದ ಮೇಲೆ ಮತ್ತೆ ಅವನ್ನು ಹಿಡಿಯುವುದಕ್ಕೆ ನಾಚಿಕೆ ಏಕೆ ಎಂದು ನನಗೆ ಅರ್ಥವಾಗುವುದಿಲ್ಲ. ಈ ಎಂಟರಲ್ಲಿ ಒಂದೊಂದೂ ಎರಡನೆಯ ಕ್ಯಾಲ್ಕುಲಸ್‌ನ ಯಾವುದಾದರೊಂದು ಕಡೆ ಬಂದೇ ಬರುತ್ತದೆ.

ತಪ್ಪುವುದು ಎಲ್ಲಿ, ಯಾಕೆ

ಇಂಟಿಗ್ರೇಶನ್‌ನಿಂದ ಶುರು ಮಾಡೋಣ. ಡೆರಿವೇಟಿವ್‌ಗೆ ನಿಯಮಗಳಿವೆ, ಕಣ್ಣುಮುಚ್ಚಿ ನಿಯಮ ಹಾಕಿದರೂ ಉತ್ತರ ಬರುತ್ತದೆ. ಇಂಟಿಗ್ರೇಶನ್‌ನಲ್ಲಿ ಯಾವ ವಿಧಾನ ಎಂದು ಆರಿಸುವುದೇ ಅರ್ಧ ಲೆಕ್ಕ. ಈ ಮೂರನ್ನು ನೋಡಿ: ಎಕ್ಸ್/(ಎಕ್ಸ್² + 4), 1/(ಎಕ್ಸ್² + 4), ಎಕ್ಸ್²/(ಎಕ್ಸ್² + 4). ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಮೂರಕ್ಕೂ ದಾರಿ ಬೇರೆ. ಮೊದಲನೆಯದರಲ್ಲಿ ಮೇಲಿರುವುದು ಕೆಳಗಿನದರ ಡೆರಿವೇಟಿವ್‌ನ ಅರ್ಧ. ಉತ್ತರ ½ ಲಾಗ್(ಎಕ್ಸ್² + 4). ಎರಡನೆಯದರಲ್ಲಿ ಮೇಲೆ ಆ ಎಕ್ಸ್ ಇಲ್ಲ. ಅದು ½ ಟ್ಯಾನ್ ಇನ್ವರ್ಸ್ (ಎಕ್ಸ್/2). ಅದನ್ನೂ ಲಾಗ್ ಎಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು. ಮೂರನೆಯದರಲ್ಲಿ ಮೇಲಿನ ಘಾತ ಕೆಳಗಿನಷ್ಟೇ ಇರುವುದರಿಂದ ಮೊದಲು ಭಾಗಿಸಬೇಕು: 1 − 4/(ಎಕ್ಸ್² + 4), ಆಮೇಲೆ ಎಕ್ಸ್ − 2 ಟ್ಯಾನ್ ಇನ್ವರ್ಸ್ (ಎಕ್ಸ್/2). ಎಲ್ಲದರ ಕೊನೆಗೂ ಸ್ಥಿರಾಂಕ ಸಿ ಸೇರಿಸಬೇಕು. ಛೇದದಲ್ಲಿ ಎಕ್ಸ್² + 6ಎಕ್ಸ್ + 13 ಬಂದರೆ ವರ್ಗ ಪೂರ್ಣಗೊಳಿಸಿದ ಕೂಡಲೇ ಅದು ಎರಡನೆಯ ಬಗೆಯದಾಗುತ್ತದೆ: ½ ಟ್ಯಾನ್ ಇನ್ವರ್ಸ್ ((ಎಕ್ಸ್ + 3)/2). ವರ್ಗ ಪೂರ್ಣಗೊಳಿಸಲು ತಡವರಿಸುವವರು ಇಲ್ಲಿ ನಿಂತುಬಿಡುತ್ತಾರೆ, ನಿಂತು ತಮಗೆ ಇಂಟಿಗ್ರೇಶನ್ ಬರುವುದಿಲ್ಲ ಎಂದುಕೊಳ್ಳುತ್ತಾರೆ. ತಪ್ಪಿದ್ದು ಇಂಟಿಗ್ರೇಶನ್ ಅಲ್ಲ.

ಇದಕ್ಕೆ ಒಂದು ಅಭ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಅಭ್ಯಾಸಗಳಿಂದ ಇಪ್ಪತ್ತು ಇಂಟಿಗ್ರಲ್‌ಗಳನ್ನು ಚೀಟಿಗಳಲ್ಲಿ ಬರೆದು ಕಲಸಿ. ಒಂದೊಂದನ್ನೇ ತೆಗೆದು, ಬಿಡಿಸದೆ, ವಿಧಾನದ ಹೆಸರು ಮತ್ತು ಮೊದಲ ಸಾಲನ್ನಷ್ಟೇ ಬರೆಯಿರಿ. ಒಂದಕ್ಕೆ ಒಂದು ನಿಮಿಷ. ಎಕ್ಸ್ ಇ^ಎಕ್ಸ್ ಎಂದರೆ ಬೈ ಪಾರ್ಟ್ಸ್; ಎಕ್ಸ್ ಇ^(ಎಕ್ಸ್²) ಎಂದರೆ ಸಬ್‌ಸ್ಟಿಟ್ಯೂಷನ್; 1/(ಎಕ್ಸ್² − 4) ಎಂದರೆ ಪಾರ್ಶಿಯಲ್ ಫ್ರಾಕ್ಷನ್; √(4 − ಎಕ್ಸ್²) ಎಂದರೆ ಎಕ್ಸ್ = 2 ಸೈನ್ ಥೀಟಾ. ಪುಸ್ತಕದಲ್ಲಿ ಅಭ್ಯಾಸದ ತಲೆಬರಹವೇ ವಿಧಾನವನ್ನು ಹೇಳಿಕೊಡುತ್ತದೆ, ಆದ್ದರಿಂದ ಆರಿಸುವ ಕೆಲಸ ಅಲ್ಲಿ ಎಂದೂ ಅಭ್ಯಾಸವಾಗುವುದಿಲ್ಲ. ಚೀಟಿ ಕಲಸಿದಾಗ ಆಗುತ್ತದೆ. ಮೊದಲ ವಾರ ಅರ್ಧಕ್ಕರ್ಧ ತಪ್ಪುತ್ತದೆ, ಅದು ಹಾಗೆಯೇ ಇರಬೇಕಾದ್ದು. ಬಿಡಿಸಿದ ಲೆಕ್ಕ ಸರಿಯೇ ಎಂದು ನೋಡಲು ಕೊನೆಯ ಪುಟಕ್ಕೆ ಓಡಬೇಡಿ, ಉತ್ತರದ ಡೆರಿವೇಟಿವ್ ತೆಗೆದು ಪ್ರಶ್ನೆ ಮರಳಿ ಬರುತ್ತದೆಯೇ ನೋಡಿ. ಅದೇ ಹೊತ್ತಿನಲ್ಲಿ ಚೈನ್ ರೂಲಿಗೂ (ಫಂಕ್ಷನ್ ಒಳಗೆ ಫಂಕ್ಷನ್ ಇದ್ದಾಗ ಡೆರಿವೇಟಿವ್ ತೆಗೆಯುವ ನಿಯಮ) ಅಭ್ಯಾಸವಾಗುತ್ತದೆ.

ಸೀರೀಸ್‌ಗೆ ಸೀನಿಯರ್‌ಗಳು ಹೆದರುವುದರಲ್ಲಿ ಅರ್ಥವಿದೆ, ಏಕೆಂದರೆ ಅಲ್ಲಿ ಲೆಕ್ಕಕ್ಕಿಂತ ತರ್ಕ ಹೆಚ್ಚು. ಪದಗಳು ಸೊನ್ನೆಯತ್ತ ಹೋದರೆ ಮೊತ್ತವೂ ಎಲ್ಲೋ ನಿಲ್ಲುತ್ತದೆ ಎಂದು ಮನಸ್ಸು ಹೇಳುತ್ತದೆ. ಹಾಗಿಲ್ಲ. 1 + 1/2 + 1/3 + 1/4 + ... ಇದರ ಪದಗಳು ಸೊನ್ನೆಗೆ ಹೋಗುತ್ತವೆ, ಮೊತ್ತ ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ. 1/3 + 1/4 ಅರ್ಧಕ್ಕಿಂತ ಹೆಚ್ಚು, 1/5ರಿಂದ 1/8ರವರೆಗಿನ ನಾಲ್ಕು ಪದ ಸೇರಿ ಅರ್ಧಕ್ಕಿಂತ ಹೆಚ್ಚು, ಮುಂದಿನ ಎಂಟು ಪದವೂ ಹಾಗೆಯೇ. ಅರ್ಧಗಳನ್ನು ಕೂಡಿಸುತ್ತಲೇ ಹೋದರೆ ತಡೆಯೆಲ್ಲಿ? ಹದಿನಾಲ್ಕನೆಯ ಶತಮಾನದಲ್ಲಿ ಫ್ರಾನ್ಸಿನ ಒರೆಸ್ಮ್ ಕೊಟ್ಟ ಸಾಧನೆ ಇದು. ಅದಕ್ಕೆ ಸ್ವಲ್ಪ ಈಚೆಗೆ ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆಯವರು 1 − 1/3 + 1/5 − 1/7 + ... ಎಂಬುದು ಪೈಯ ಕಾಲು ಭಾಗಕ್ಕೆ ಸಮ ಎಂದು ಕಂಡುಕೊಂಡಿದ್ದರು. ಅದು ನಿಲ್ಲುತ್ತದೆ, ಆದರೆ ಬಹಳ ನಿಧಾನ: ನೂರು ಪದ ಕೂಡಿಸಿದರೂ ಪೈಯಲ್ಲಿ ಸುಮಾರು 0.01ರಷ್ಟು ವ್ಯತ್ಯಾಸ ಉಳಿದಿರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಹತ್ತು ಪದ ಕೂಡಿಸಿ ನೋಡಿ, ಮೊತ್ತ ನಿಲ್ಲುವುದು ಬೇಗ ನಿಲ್ಲುವುದೇ ಅಲ್ಲ ಎಂಬುದು ಕೈಗೇ ಗೊತ್ತಾಗುತ್ತದೆ.

ಪರೀಕ್ಷೆಯ ದೃಷ್ಟಿಯಿಂದ ಕ್ರಮ ಹೀಗಿರಲಿ. ಮೊದಲು ಪದ ಸೊನ್ನೆಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಡೈವರ್ಜ್ (ಮೊತ್ತ ಎಲ್ಲಿಯೂ ನಿಲ್ಲುವುದಿಲ್ಲ), ಕೆಲಸ ಮುಗಿಯಿತು. ಹೋದರೆ ಇನ್ನೂ ಏನೂ ಗೊತ್ತಾಗಿಲ್ಲ. ಫ್ಯಾಕ್ಟೋರಿಯಲ್ ಅಥವಾ ಎನ್ ಘಾತದಲ್ಲಿದ್ದರೆ ರೇಶಿಯೋ ಟೆಸ್ಟ್, ಅಂದರೆ ಮುಂದಿನ ಪದವನ್ನು ಹಿಂದಿನದರಿಂದ ಭಾಗಿಸಿ ನೋಡುವುದು: 2^ಎನ್/ಎನ್! ಇದಕ್ಕೆ ಅನುಪಾತ 2/(ಎನ್ + 1), ಅದು 1ಕ್ಕಿಂತ ಕೆಳಗೆ ಸೊನ್ನೆಗೇ ಹೋಗುತ್ತದೆ, ಕನ್ವರ್ಜ್ (ಮೊತ್ತ ನಿಲ್ಲುತ್ತದೆ). ಆದರೆ 1/ಎನ್ ಮತ್ತು 1/ಎನ್² ಎರಡಕ್ಕೂ ರೇಶಿಯೋ ಟೆಸ್ಟ್ ಕೊಡುವುದು 1 ಅನ್ನೇ, ಮೊದಲನೆಯದು ಡೈವರ್ಜ್, ಎರಡನೆಯದು ಕನ್ವರ್ಜ್. ಅಂದರೆ 1 ಬಂದಲ್ಲಿ ಆ ಟೆಸ್ಟ್ ಬಾಯಿ ಬಿಡುವುದಿಲ್ಲ, ಹೋಲಿಕೆಯ ಟೆಸ್ಟಿಗೆ ಹೋಗಬೇಕು. ಪವರ್ ಸೀರೀಸ್‌ನಲ್ಲಿ, ಉದಾಹರಣೆಗೆ ಎನ್‌ನೇ ಪದ (ಎಕ್ಸ್ − 3)^ಎನ್/(ಎನ್ × 2^ಎನ್) ಎಂದಿದ್ದರೆ, ರೇಶಿಯೋ ಟೆಸ್ಟಿನಿಂದ |ಎಕ್ಸ್ − 3| < 2 ಬರುತ್ತದೆ. ಮೇಲಿನ ಚಿಕ್ಕ ಪರೀಕ್ಷೆಯ ಮೂರನೆಯ ಪ್ರಶ್ನೆ ಅದೇ. ಅನಂತರ ಎರಡೂ ತುದಿಗಳನ್ನು ಬೇರೆಯಾಗಿ ನೋಡಬೇಕು: ಎಕ್ಸ್ = 5ರಲ್ಲಿ ಹಾರ್ಮೋನಿಕ್ ಸೀರೀಸ್ (ಮೇಲೆ ನೋಡಿದ 1 + 1/2 + 1/3 + ...), ಡೈವರ್ಜ್; ಎಕ್ಸ್ = 1ರಲ್ಲಿ ಚಿಹ್ನೆ ಅದಲುಬದಲಾಗುತ್ತಾ ಪದಗಳು ಸೊನ್ನೆಯತ್ತ ಕುಗ್ಗುವುದರಿಂದ ಕನ್ವರ್ಜ್. ತುದಿ ನೋಡುವುದನ್ನು ಬಿಟ್ಟು ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಪಾರ್ಶಿಯಲ್ ಡೆರಿವೇಟಿವ್ ಈ ಮೂರರಲ್ಲಿ ಹಗುರ. ಎಕ್ಸ್²ವೈ + ಸೈನ್(ಎಕ್ಸ್ವೈ) ಇದಕ್ಕೆ, ವೈ ಯನ್ನು ಸ್ಥಿರವೆಂದು ಹಿಡಿದು, ಎಕ್ಸ್ ಕುರಿತು ತೆಗೆದರೆ 2ಎಕ್ಸ್ವೈ + ವೈ ಕಾಸ್(ಎಕ್ಸ್ವೈ). ಆ ಎರಡನೆಯ ಪದದ ಮುಂದಿನ ವೈ ಬಿಟ್ಟುಹೋಗುವುದು ಹಳೆಯ ಚೈನ್ ರೂಲ್ ಕಾಯಿಲೆ. ಭೌತಶಾಸ್ತ್ರದವರಾದ ನಿಮಗೆ ಥರ್ಮೊಡೈನಮಿಕ್ಸ್‌ನಲ್ಲೂ ವಿದ್ಯುತ್ಕಾಂತತೆಯಲ್ಲೂ ಇದೇ ಬರುವುದರಿಂದ ಅಭ್ಯಾಸ ತಾನಾಗಿ ಆಗುತ್ತದೆ. ಹಾಗಾಗಿ ರಜೆಯಲ್ಲಿ ಇದಕ್ಕೆ ಹೊತ್ತು ಹಾಕುವುದು ಬೇಡ.

ಆರು ವಾರದ ಲೆಕ್ಕ

ರಜೆಯಲ್ಲಿ ನಮ್ಮ ಕಡೆ ವಾರಕ್ಕೊಂದಾದರೂ ಮದುವೆಯೋ ಗೃಹಪ್ರವೇಶವೋ ಕೋಲವೋ ಇದ್ದೇ ಇರುತ್ತದೆ, ಮನೆಯ ತೋಟದ ಕೆಲಸವೂ ಇರುತ್ತದೆ. ವಾರಕ್ಕೆ ಏಳು ದಿನವೂ ಓದುತ್ತೇನೆ ಎಂದು ವೇಳಾಪಟ್ಟಿ ಹಾಕಿದವರು ಎರಡನೆಯ ವಾರಕ್ಕೇ ಅದನ್ನು ಹರಿಯುತ್ತಾರೆ. ಐದು ದಿನ ಇಟ್ಟುಕೊಳ್ಳಿ, ದಿನಕ್ಕೆ ಎರಡು ಸಲ ಕೂರಿ, ಒಂದೊಂದು ಸಲ ಎಪ್ಪತ್ತೈದು ನಿಮಿಷ. ಬೆಳಗ್ಗೆ ಹೊಸದು, ಸಂಜೆ ಹಳೆಯದು.

ಮೊದಲ ವಾರ ತಪ್ಪು ಹುಡುಕುವುದಕ್ಕೂ ಆಲ್ಜಿಬ್ರಾಕ್ಕೂ: ಅಪವರ್ತನ, ಭಿನ್ನರಾಶಿಯ ಸರಳೀಕರಣ, ಘಾತಾಂಕ, ಲಾಗ್, ಅಸಮತೆ. √(ಎ² + ಬಿ²) ಎಂದರೆ ಎ + ಬಿ ಅಲ್ಲ. (ಎ + ಬಿ)/ಎ ಇದರಲ್ಲಿ ಎ ಯನ್ನು ಹೊಡೆದುಹಾಕುವಂತಿಲ್ಲ. √(ಎಕ್ಸ್²) ಎಂದರೆ |ಎಕ್ಸ್|. ಇವು ನಿಮಗೆ ಗೊತ್ತು, ಆದರೆ ಅವಸರದಲ್ಲಿ ಕೈ ಬೇರೆ ಬರೆಯುತ್ತದೆ, ತಿದ್ದಬೇಕಾದ್ದು ಆ ಕೈಯನ್ನೇ. ಎರಡನೆಯ ವಾರ ತ್ರಿಕೋನಮಿತಿ ಮತ್ತು ಗ್ರಾಫ್. ಸೂತ್ರಗಳನ್ನು ನಲುವತ್ತು ಬಾಯಿಪಾಠ ಮಾಡುವ ಬದಲು ಸೈನ್² + ಕಾಸ್² = 1 ಮತ್ತು ಸೈನ್(ಎ + ಬಿ), ಕಾಸ್(ಎ + ಬಿ) ಈ ಮೂರರಿಂದ ಉಳಿದವನ್ನು ಹುಟ್ಟಿಸಲು ಕಲಿಯಿರಿ. ಸೈನ್, ಕಾಸ್, ಟ್ಯಾನ್, ಇ^ಎಕ್ಸ್, ಲಾಗ್, 1/ಎಕ್ಸ್ ಇವುಗಳ ಚಿತ್ರ ನೋಡದೆ ಬಿಡಿಸಲು ಬರಬೇಕು. ಮೂರನೆಯ ವಾರ ಡೆರಿವೇಟಿವ್, ದಿನಕ್ಕೆ ಹದಿನೈದು ಚಿಕ್ಕ ಲೆಕ್ಕ, ಅದರಲ್ಲಿ ಹತ್ತಾದರೂ ಚೈನ್ ರೂಲ್. ನಾಲ್ಕು ಮತ್ತು ಐದನೆಯ ವಾರ ಇಂಟಿಗ್ರೇಶನ್, ಚೀಟಿಯ ಅಭ್ಯಾಸ ಸಹಿತ. ಆರನೆಯದರಲ್ಲಿ ಸೀರೀಸ್‌ನ ಮೊದಲ ಪಾಠವನ್ನಷ್ಟೇ ಓದಿಟ್ಟುಕೊಳ್ಳಿ. ಇಡೀ ಸಿಲಬಸ್ ಮೊದಲೇ ಮುಗಿಸುವ ಆಸೆ ಬೇಡ. ತರಗತಿಯ ಮೊದಲ ಎರಡು ವಾರ ಸಲೀಸಾಗಿ ಸಾಗುವಷ್ಟು ಮುಂದಿದ್ದರೆ ಸಾಕು. ಹೆಚ್ಚು ಮುಂದೆ ಹೋದವರು "ಇದು ಗೊತ್ತಿದೆ" ಎಂದು ಕ್ಲಾಸಿನಲ್ಲಿ ಕಿವಿ ಮುಚ್ಚಿ ಕೂರುವುದುಂಟು.

ಒಂದು ತಪ್ಪಿನ ಪುಸ್ತಕ ಇಡಿ. ಎಡಗಡೆ ತಪ್ಪಿದ ಸಾಲು, ನಡುವೆ ಸರಿಯಾದ ಸಾಲು, ಬಲಗಡೆ ಯಾಕೆ ತಪ್ಪಿತೆಂದು ನಿಮ್ಮದೇ ಕನ್ನಡದಲ್ಲಿ ಐದಾರು ಶಬ್ದ. ತಪ್ಪಿದ ಲೆಕ್ಕವನ್ನು ಎರಡು ದಿನದ ನಂತರ, ಒಂದು ವಾರದ ನಂತರ, ಮೂರು ವಾರದ ನಂತರ ಖಾಲಿ ಹಾಳೆಯಲ್ಲಿ ಮತ್ತೆ ಮಾಡಿ. ನಡುವೆ ಮರೆತುಹೋಗಿ ಕಷ್ಟಪಟ್ಟು ನೆನಪಿಸಿಕೊಂಡರೆ ಬೇಸರಿಸಬೇಡಿ. ಗಟ್ಟಿಯಾಗುವುದು ಆ ಕಷ್ಟದಲ್ಲೇ. ಒಂದೇ ರಾತ್ರಿ ಐವತ್ತು ಲೆಕ್ಕ ಮಾಡಿದರೆ ಮರುದಿನದ ಟೆಸ್ಟಿಗೆ ಆದೀತು, ನಾಲ್ಕು ತಿಂಗಳಿಗೆ ಆಗುವುದಿಲ್ಲ. ನಿಮಗೆ ಕಳೆದ ಸಲ ಆದದ್ದು ಬಹುಶಃ ಇದೇ.

ವೀಡಿಯೊ, ಟ್ಯೂಷನ್

ಅರುವತ್ತು ವೀಡಿಯೊ ನೋಡಿ ಮುಗಿಸುವುದು ಸಾಕಾಗುವುದಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರಿಗೆಲ್ಲ ಚೆಂಡೆ ಬಾರಿಸಲು ಬರುವುದಿಲ್ಲವಲ್ಲ. ಕರಗತವಾದವರು ಬಿಡಿಸುವಾಗ ಎಡವುವ ಜಾಗಗಳೇ ಕಾಣುವುದಿಲ್ಲ, ಎಲ್ಲ ಸಲೀಸು ಅನಿಸುತ್ತದೆ. ನೋಡುವುದಾದರೆ ಲೆಕ್ಕ ಬೋರ್ಡಿನ ಮೇಲೆ ಬಂದ ಕೂಡಲೇ ನಿಲ್ಲಿಸಿ, ಹತ್ತು ನಿಮಿಷ ನೀವೇ ಹೆಣಗಿ, ಆಮೇಲೆ ಮುಂದೆ ಒತ್ತಿ. ಹಾಗೆ ನೋಡಿದರೆ ಆರು ವಾರದಲ್ಲಿ ಹದಿನೈದು ವೀಡಿಯೊ ಮುಗಿಯಬಹುದು, ಅಷ್ಟು ಸಾಕು. ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ, ಆದರೆ ಕೆಲವು ನಿಮ್ಮ ಸಿಲಬಸ್‌ಗಿಂತ ಆಳಕ್ಕೆ ಹೋಗುತ್ತವೆ. ಸಿಲಬಸ್ ಪ್ರತಿ ಪಕ್ಕದಲ್ಲಿಟ್ಟುಕೊಂಡು ಆರಿಸಿ.

ಟ್ಯೂಷನ್ ಬಗ್ಗೆ: ನಿಮ್ಮ ಕಾಲಂ ಪಟ್ಟಿಯಲ್ಲಿ "ವಿಷಯವೇ ಗೊತ್ತಿಲ್ಲ" ಎಂಬುದು ಹೆಚ್ಚಿದ್ದರೆ ಪ್ರಯೋಜನ ಇದೆ. "ನೋಟ್ಸ್ ಇಲ್ಲದೆ ಬರುವುದಿಲ್ಲ" ಎಂಬುದೇ ಹೆಚ್ಚಿದ್ದರೆ ಟ್ಯೂಷನ್ ಅದನ್ನು ಇನ್ನಷ್ಟು ಹೆಚ್ಚಿಸಬಹುದು, ಏಕೆಂದರೆ ಅಲ್ಲಿ ಬಿಡಿಸುವುದು ಮತ್ತೆ ಬೇರೆಯವರು. ಹಣ ಕೊಟ್ಟು ಸೇರುವುದಾದರೆ ನೀವು ಬರೆದು ಅವರು ತಿದ್ದುವ ಏರ್ಪಾಡು ಮಾಡಿಕೊಳ್ಳಿ. ಹಣವಿಲ್ಲದ ದಾರಿಯೂ ಇದೆ. ನಿಮ್ಮ ಕಾಲೇಜಿನ ಗಣಿತ ವಿಭಾಗದ ಟೀಚರ್ ಹತ್ತಿರ ಹೋಗುವಾಗ "ಮಿಸ್, ಇಂಟಿಗ್ರೇಶನ್ ಅರ್ಥವಾಗುವುದಿಲ್ಲ" ಎನ್ನಬೇಡಿ. ಸಿಕ್ಕಿಬಿದ್ದ ಲೆಕ್ಕವನ್ನು ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗೆ ಬರೆದು ತೋರಿಸಿ, "ಈ ಸಾಲಿನಿಂದ ಮುಂದೆ ಹೋಗಲಿಲ್ಲ" ಎನ್ನಿ. ಮೊದಲನೆಯದಕ್ಕೆ ಅವರು ಪಾಠವನ್ನೇ ಮತ್ತೆ ಹೇಳಬೇಕಾಗುತ್ತದೆ, ಎರಡನೆಯದಕ್ಕೆ ಐದು ನಿಮಿಷ ಸಾಕು.

ಮುಂದಿರುವ ದಾರಿಗಳು

ತಯಾರಿ ಮಾಡಿಕೊಂಡು ಸರಿಯಾದ ಸೆಮಿಸ್ಟರ್‌ನಲ್ಲೇ ಎರಡನೆಯ ಕ್ಯಾಲ್ಕುಲಸ್ ಓದುವುದು ಒಂದು ದಾರಿ. ಇದರಲ್ಲಿರುವ ಅಪಾಯ ಏನೆಂದರೆ ರಿಪೇರಿ ಅರ್ಧಕ್ಕೇ ನಿಂತರೆ ಮೂರನೆಯ ವಾರದಿಂದ ಹಿಂದೆ ಬೀಳುತ್ತೀರಿ, ಸೀರೀಸ್ ಶುರುವಾಗುವಾಗ ಇಂಟಿಗ್ರೇಶನ್ ಬಾಕಿ ಇರುತ್ತದೆ. ಇನ್ನೊಂದು, ಮೊದಲ ಪೇಪರಿನ ಗ್ರೇಡ್ ಏರಿಸಲು ಮತ್ತೆ ಪರೀಕ್ಷೆ ಬರೆಯುವುದು. ನಿಯಮ ಬಿಡುತ್ತದೆಯೇ, ಯಾವಾಗ ಬರೆಯಬೇಕು, ಯಾವ ಅಂಕ ಉಳಿಯುತ್ತದೆ ಎಂಬುದನ್ನು ಕಾಲೇಜಿನಿಂದ ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಯೋಚಿಸಿ. ಎರಡು ಕ್ಯಾಲ್ಕುಲಸ್ ಪರೀಕ್ಷೆ ಒಂದೇ ತಿಂಗಳಲ್ಲಿ ಬಿದ್ದರೆ ಎರಡೂ ಸೊರಗುತ್ತವೆ. ಸಿ ಎಂದರೆ ಪಾಸ್. ಮುಂದಿನ ಪೇಪರಿನಲ್ಲಿ ಒಳ್ಳೆಯ ಗ್ರೇಡ್ ತೆಗೆದು ಸರಾಸರಿ ಏರಿಸುವುದು ಸಾಮಾನ್ಯವಾಗಿ ಕಡಿಮೆ ಕಷ್ಟ ಎಂದೇ ನನ್ನ ಅಭಿಪ್ರಾಯ.

ಮೈನರ್ ಬದಲಿಸುವುದು ಮೂರನೆಯದು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದ ಮೇಲೆ ಮೇಜರ್, ಮೈನರ್ ಆಯ್ಕೆಯ ಮಾತು ಹೆಚ್ಚಾಗಿದೆ. ಆದರೆ ನಿಮ್ಮ ಮೇಜರ್ ಭೌತಶಾಸ್ತ್ರ. ಗಣಿತ ಮೈನರ್ ಬಿಟ್ಟರೂ ಗಣಿತ ನಿಮ್ಮನ್ನು ಬಿಡುವುದಿಲ್ಲ. ವಿದ್ಯುತ್ಕಾಂತತೆಯ ಪಾಠದಲ್ಲಿ ಗ್ರೇಡಿಯೆಂಟ್, ಕರ್ಲ್, ಕ್ವಾಂಟಮ್‌ನಲ್ಲಿ ಡಿಫರೆನ್ಶಿಯಲ್ ಈಕ್ವೇಶನ್, ಇವನ್ನು ಭೌತಶಾಸ್ತ್ರದ ಟೀಚರ್ ಗಣಿತ ಗೊತ್ತಿದೆ ಎಂದುಕೊಂಡೇ ಹೇಳುತ್ತಾರೆ. ಎಂ.ಎಸ್ಸಿ.ಗೆ ಐಐಟಿಗಳ ಪ್ರವೇಶ ಪರೀಕ್ಷೆ ಜ್ಯಾಮ್ ಬರೆಯುವ ಯೋಚನೆ ಇದ್ದರೆ ಅದರ ಭೌತಶಾಸ್ತ್ರ ಸಿಲಬಸ್‌ನ ಮೊದಲ ಭಾಗವೇ ಗಣಿತ ವಿಧಾನಗಳು: ಪಾರ್ಶಿಯಲ್ ಡೆರಿವೇಟಿವ್, ಟೇಲರ್ ವಿಸ್ತರಣೆ, ವೆಕ್ಟರ್ ಕ್ಯಾಲ್ಕುಲಸ್. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಬೇಕೆಂದರೂ ಪ್ರವೇಶ ಪರೀಕ್ಷೆ ಇದೆ. ಮುಂದೆ ಭೌತಶಾಸ್ತ್ರದಲ್ಲಿಯೇ ಇರುವ ಮನಸ್ಸಿದ್ದರೆ ಈ ದಾರಿ ನಾನು ಹೇಳುವುದಿಲ್ಲ. ಬಿ.ಎಡ್. ಮಾಡಿ ಶಾಲೆಗೆ ಹೋಗುವ ಯೋಚನೆಯಾದರೂ ಗಣಿತ ಇದ್ದರೆ ಒಳ್ಳೆಯದೇ.

ಬಿ.ಕಾಂ.: ಅದು ನಿಮಗೆ ಇಷ್ಟವಿದ್ದು ಹೋಗುವುದಾದರೆ ಒಳ್ಳೆಯ ಕೋರ್ಸು. ಒಂದು ಸಿ ಯಿಂದ ತಪ್ಪಿಸಿಕೊಳ್ಳಲು ಹೋಗುವುದಾದರೆ ಕಳೆದ ಸೆಮಿಸ್ಟರ್‌ಗಳು ಹೋದವು, ಅಲ್ಲಿಯೂ ಸ್ಟ್ಯಾಟಿಸ್ಟಿಕ್ಸ್ ಕಾದಿರುತ್ತದೆ. ಮಾವನಿಗೆ ಈಗಲೇ ಉತ್ತರ ಕೊಡುವ ಅವಸರವಿಲ್ಲ. ಮೊದಲ ನಾಲ್ಕು ದಿನದ ಪಟ್ಟಿಯನ್ನೂ ಮುಂದಿನ ಸೆಮಿಸ್ಟರ್‌ನ ಮೊದಲ ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ಕಾಲಂಗಳ ತಪ್ಪು ಕಡಿಮೆಯಾಗಿದ್ದರೆ, ಅಂಕ ಎಷ್ಟೇ ಇರಲಿ, ಮುಂದುವರಿಯಿರಿ. ಅದೇ ತಪ್ಪುಗಳು ಅಷ್ಟೇ ಇದ್ದರೆ ಟೀಚರ್ ಹತ್ತಿರ ಆ ಎರಡು ಕಾಗದ ಹಿಡಿದುಕೊಂಡೇ ಹೋಗಿ. ಮೈನರ್ ಬಗ್ಗೆ ಮಾತಾಡಬೇಕಾದ ಹೊತ್ತು ಆಗ.

ಪುಸ್ತಕದ ವಿಷಯ ಉಳಿಯಿತು. ದಪ್ಪ ಪುಸ್ತಕ ಈಗ ಕೊಳ್ಳಬೇಡಿ. ಕಾಲೇಜಿನ ಲೈಬ್ರರಿಯಲ್ಲಿ ಅದರ ಹಳೆಯ ಆವೃತ್ತಿ ಸಿಗಬಹುದು, ಲೆಕ್ಕಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ರಜೆಯ ಕೆಲಸಕ್ಕೆ ಪ್ಲಸ್ ವನ್ ಮತ್ತು ಪ್ಲಸ್ ಟುವಿನ ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳೂ ಅದರದೇ ಎಕ್ಸೆಂಪ್ಲರ್ ಎಂಬ ಹೆಚ್ಚುವರಿ ಅಭ್ಯಾಸದ ಪುಸ್ತಕದ ಲೆಕ್ಕಗಳೂ ಸಾಕು. ಮನೆಯಲ್ಲಿ ಇಲ್ಲದಿದ್ದರೆ ಎನ್‌ಸಿಇಆರ್‌ಟಿ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಫೋನಿನಲ್ಲಿ ನೋಡಿ ಮಾಡುವ ಬದಲು ಬೇಕಾದ ಅಭ್ಯಾಸದ ಪುಟಗಳನ್ನಷ್ಟೇ ಪ್ರಿಂಟ್ ತೆಗೆಸಿ, ಮೂವತ್ತು ನಲುವತ್ತು ಪುಟ ಆದೀತು. ಕೊನೆಯ ಉತ್ತರದ ಪುಟಗಳನ್ನು ಬೇರೆಯಾಗಿ ಪಿನ್ ಹಾಕಿ ಬೇರೆ ಕೋಣೆಯಲ್ಲಿಡಿ.